ಬಟಾಣಿ ತಲೆ ಎತ್ತುವ ತನಕ

ಮಾಗಿಯ ಚಳಿ, ಕೋಳಿ ಕೂಗಿದ ಹೊತ್ತು.

ಮಾಳಿಂಗರಾಯಾ,

ನೀನು ಏಳುವುದರೊಳಗೆ ನಾನು ಹುನ್ನೂರಿನ ಬಸ್ಸಿಗೆ ಹೊರಟೆ. ನಿನ್ನ ಸೋದರಮಾವನ ಕುರಿಗಳು ಈಯುತ್ತಿವೆ, ಅವನೊಬ್ಬನಿಗೇ ನೀಗುವುದಿಲ್ಲ.

ಇವತ್ತು ಬಟಾಣಿಗೆ ಕಸ ಸಾಯುವ ಎಣ್ಣೆ ಹೊಡೆಯಬೇಡ. ರಾತ್ರಿ ಉಣ್ಣುವಾಗ ನೀನು "ಕಸ ಮೊಣಕಾಲಿಗೆ ಬಂದೈತಿ ಬೇ, ಇನ್ನೆಷ್ಟ ಕಾಯೂದು?" ಅಂದೆ. ಕಸ ಇನ್ನೂ ಬೆರಳುದ್ದ ಇದೆ, ನಿನ್ನ ಬಾಯಿಯೇ ಉದ್ದ.

ಚಳಿಗಾಳಿಗೆ ಬಟಾಣಿ ಸೊರಗಿ ನಿಂತಿದೆ. ಜ್ವರ ಬಂದ ಕೂಸಿಗೆ ಯಾರಾದರೂ ಜುಲಾಬು ಕೊಡುತ್ತಾರೇನು? ನಿಮ್ಮಪ್ಪ ಒಂದು ವರ್ಷ ಹೀಗೇ ಸೊರಗಿದ ಕಡಲೆಗೆ ಹೊಡೆದಿದ್ದ. ಕಸದ ಜೊತೆ ಕಡಲೆಯೂ ಸುಟ್ಟುಹೋಯಿತು.

ಬಿಸಿಲು ಬಂದ ಮೇಲೆ ತೆಳುವಾಗಿ ನೀರು ಬಿಡು. ದೊಡ್ಡ ಕಸವನ್ನಷ್ಟೇ ಕುರ್ಪಿಯಿಂದ ತೆಗೆ. ತುದಿಯಲ್ಲಿ ಹೊಸ ಕುಡಿ ಬಿಚ್ಚಿದರೆ ಗಿಡ ಚೇತರಿಸಿತು ಅಂತ ತಿಳಿ.

ರೇಷ್ಮಾ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಬಾಯಿ ಬಿಟ್ಟು ಕೇಳಿದ ಮೊದಲ ಬೆಳೆ ಇದು. ಇದು ಸುಟ್ಟರೆ ನೀನು ಮತ್ತೆ ಕಬ್ಬು ಹಾಕುತ್ತೀ, ಆಕೆ ಮತ್ತೆ ಏನೂ ಕೇಳಲಿಕ್ಕಿಲ್ಲ. ನಿನ್ನೆ ಸಂಜೆ ಬದುವಿನ ಮೇಲೆ ಕೂತು ಒಂದೊಂದೇ ಗಿಡ ಮುಟ್ಟಿ ನೋಡುತ್ತಿದ್ದಳು. ನಾನೂ ನೋಡಿದೆ, ಬುಡ ಹಸಿರಾಗಿದೆ. ಏಳುತ್ತದೆ.

ರೊಟ್ಟಿ ಬುಟ್ಟಿಯಲ್ಲಿದೆ. ಹಚ್ಚಿಕೊಳ್ಳಲು ಕುಟ್ಟಿದ ಶೇಂಗಾ ಹಿಂಡಿ ಆಕೆಗೂ ಉಳಿಸು.

ಎಣ್ಣೆ ಹೊಡೆಯುವ ಪಂಪಿನ ತುದಿಯ ನೋಜಲ್ ಹುಡುಕಬೇಡ. ತೊಳೆದು ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಗುರುವಾರ ಬರುತ್ತೇನೆ. ಗಿಡ ಎದ್ದಿದ್ದರೆ ಇಬ್ಬನಿ ಆರಿದ ಮೇಲೆ ನೀನೇ ಹೊಡೆಯುವಿಯಂತೆ. ಎದ್ದಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ರೇಷ್ಮಾ ಹೇಳಲಿ.

ಹೊರಟವಳು ನಿಮ್ಮವ್ವ ಹೊಳೆವ್ವ, ಸೋಮವಾರ.