ಲಾರಿಗಳು ಊಟ ಮಾಡುವ ಹೊತ್ತು

ಅದಿರು ಲಾರಿಗಳ ವೇಳಾಪಟ್ಟಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನನ್ನ ಎರಡು ಪುಟದ ದೂರಿಗೆ ತಾವು ಒಂದು ತಿಂಗಳು ಆಲೋಚಿಸಿ ದಯಪಾಲಿಸಿದ ಒಂದು ಸಾಲಿನ ಉತ್ತರ ತಲುಪಿದೆ. ಕನ್ನಡಕ್ಕೆ ತಂದರೆ ಅದು ಹೀಗಿದೆ: "ಅರ್ಜಿದಾರರು ಬೆಂಗಳೂರಿಗೆ ವಿಮಾನದ ಬದಲು ರಸ್ತೆಯ ಮೂಲಕ ಹೋಗಬಹುದಾಗಿತ್ತು." ಕೆಳಗೆ ಸಹಿ, ಸಹಿಯ ಮೇಲೆ ಮೊಹರು. ಇದನ್ನು ಅವ್ವನಿಗೆ ಓದಿ ಹೇಳಿದೆ. ಆಕೆ ನಂಬದೆ ಇನ್ನೊಮ್ಮೆ ಓದಿಸಿದಳು. ಆಮೇಲೆ, "ಅಲ್ಲೋ ರಘು, ನಾವು ಮನಿಯಿಂದ ವಿಮಾನಕ್ಕ ಹೊಂಟಿದ್ದು ಯಾವದರ ಮ್ಯಾಲೆ? ರಸ್ತೆ ಮ್ಯಾಲೇ ಹೌದಲ್ಲೋ?" ಎಂದು ಕೇಳಿದಳು. ಎಪ್ಪತ್ತೊಂದು ವರ್ಷದ, ಎರಡೂ ಕಣ್ಣು ಕಾಣದ ಸರಸ್ವತಿಬಾಯಿಗೆ ಕಂಡದ್ದು ತಮಗೆ ಕಾಣಲಿಲ್ಲವಲ್ಲ, ಅದೇ ಸೋಜಿಗ. ತಮ್ಮ ರಸ್ತೆಯ ಆರು ಕಿಲೋಮೀಟರ್ ದಾಟಲಾಗದೆ ನನ್ನ ತಾಯಿಗೆ ಬರಬೇಕಿದ್ದ ಕಣ್ಣು ಬೇರೆಯವರಿಗೆ ಹೋಯಿತು. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರ.

ಬಹಿರಂಗವಾಗಿ, ಅದೂ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಇಂಗ್ಲಿಷಿನಲ್ಲಿ ಬರೆದು ನೋಡಿದ್ದಾಯಿತು. ತಮ್ಮ ರಸ್ತೆಗೆ ಜಲ್ಲಿ ಹೊತ್ತವರಲ್ಲಿ, ಅದರ ಮೇಲೆ ಲಾರಿ ಓಡಿಸುವವರಲ್ಲಿ, ತಿರುವಿನಲ್ಲಿ ಬಾವಟೆ ಹಿಡಿದು ನಿಲ್ಲುವವರಲ್ಲಿ ಕನ್ನಡದವರು ಬೇಕಾದಷ್ಟಿದ್ದಾರೆ. ಅರ್ಥವಾಗದಿದ್ದರೆ ಯಾರನ್ನಾದರೂ ಕರೆದು ಓದಿಸಿಕೊಳ್ಳಬಹುದು, ಅವರು ಸಂತೋಷದಿಂದ ಓದುತ್ತಾರೆ.

ನಮ್ಮ ಮನೆ ಗೋವಾದ ಕೆಪೆ ತಾಲೂಕಿನ ಗಣಿ ಬದಿಯ ಒಂದು ವಾಡೆಯಲ್ಲಿದೆ, ಎಂದರೆ ಹತ್ತಿಪ್ಪತ್ತು ಮನೆಗಳ ಕೇರಿಯಲ್ಲಿ. ಧಾರವಾಡ ಬಿಟ್ಟು ಹದಿನಾರು ವರ್ಷವಾಯಿತು. ಒಂದು ಗಣಿಯ ಪ್ರಯೋಗಾಲಯದಲ್ಲಿ ಅದಿರಿನ ಪುಡಿಯಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ ಎಂದು ನೋಡಿ ಬರೆಯುವುದು ನನ್ನ ಉದ್ಯೋಗ. ಆ ಲಾರಿಗಳು ಹೊತ್ತೊಯ್ಯುವ ಕೆಂಪು ಮಣ್ಣಿನಲ್ಲಿ ನನ್ನ ಅನ್ನವೂ ಇದೆ, ಹೀಗಾಗಿ ನಾನು ಲಾರಿ ನಿಲ್ಲಿಸಿ ಎಂದು ಧರಣಿ ಕೂರುವವನಲ್ಲ, ಗಾಬರಿಯಾಗಬೇಡಿ. ಆದರೆ ನಮ್ಮ ವಾಡೆಯಿಂದ ಹೆದ್ದಾರಿಗೆ ಸೇರಲು ಆರು ಕಿಲೋಮೀಟರಿನ ಒಂದೇ ದಾರಿ. ಕುಡಚಡೆಯಲ್ಲಿ ರೈಲು ಹತ್ತುವವನಿಗೂ ಅದೇ, ಕಾರಿನಲ್ಲಿ ಬೆಂಗಳೂರಿಗೆ ಹೋಗುವವನಿಗೂ ಅದೇ, ದಾಬೋಳಿಯಲ್ಲಿ ವಿಮಾನ ಹಿಡಿಯುವವನಿಗೂ ಅದೇ. ಬೆಳಗಿನ ಏಳರಿಂದ ಸಂಜೆಯವರೆಗೆ ಅಲ್ಲಿ ಒಂದರ ಬೆನ್ನಿಗೆ ಒಂದು ಲಾರಿ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿಯಾದ್ದರಿಂದ ಯಾವ ಡ್ರೈವರನೂ ಯಾರಿಗೂ ದಾರಿ ಬಿಡುವುದಿಲ್ಲ. ಬಿಡುವು ಒಂದೇ: ಮಧ್ಯಾಹ್ನ ಒಂದರಿಂದ ಎರಡು, ಲಾರಿಗಳ ಊಟದ ಹೊತ್ತು.

ಆ ಒಂದು ತಾಸಿನ ಮಹಿಮೆ ತಮಗೆ ತಿಳಿದಿರಲಾರದು. ನಮ್ಮಲ್ಲಿ ಬಾಣಂತಿ ಮನೆಗೆ ಬರುವುದು ಒಂದಕ್ಕೆ, ಗ್ಯಾಸ್ ಸಿಲಿಂಡರ್ ಬರುವುದು ಒಂದೂಕಾಲಿಗೆ, ಹೆಣ ಹೊರಡುವುದು ಒಂದೂವರೆಗೆ. ಹೋದ ವರ್ಷ ನಮ್ಮ ಕಡೆಯವರೇ ಆದ ಪಕ್ಕದ ಮನೆಯವರ ಲಗ್ನಕ್ಕೆ ಭಟ್ಟರು ಹನ್ನೊಂದರ ಮುಹೂರ್ತ ತೆಗೆದಾಗ ಹುಡುಗಿಯ ತಂದೆ ಕೈಮುಗಿದು, "ಅದನ್ನ ಲಾರಿ ಊಟದೊಳಗ ಕೂಡಸ್ರಿ, ಇಲ್ಲಂದ್ರ ಬೀಗರು ಬರೂದಿಲ್ಲ" ಎಂದರು. ಭಟ್ಟರು ಪಂಚಾಂಗ ಮಡಚಿಟ್ಟು ತಮ್ಮ ಕಚೇರಿಯ ನೋಟೀಸು ಓದಿದರು. ಒಂದು ಹತ್ತಕ್ಕೆ ಅಕ್ಷತೆ ಬಿತ್ತು. ಗ್ರಹಗಳನ್ನು ನಂಬದವರೂ ನಮ್ಮೂರಲ್ಲಿ ತಮ್ಮ ಸಹಿಯನ್ನು ನಂಬುತ್ತಿದ್ದರು.

ಇನ್ನು ಅವ್ವನ ಕಣ್ಣಿನ ವಿಷಯ. ಎಡಗಣ್ಣು ಮೊದಲೇ ಹೋಗಿತ್ತು. ಮೂರು ವರ್ಷದ ಹಿಂದೆ ಬಲಗಣ್ಣಿಗೆ ಹುಣ್ಣಾಗಿ ಕರಿಗುಡ್ಡೆಯ ಮೇಲೆ ಬಿಳಿ ಪೊರೆ ಕಟ್ಟಿತು. ಸತ್ತವರ ಕಣ್ಣಿನ ಪಾರದರ್ಶಕ ಪೊರೆ ಸಿಕ್ಕರೆ ಅಲ್ಲಿ ಕೂಡಿಸಬಹುದು, ನೋಟ ಬರುತ್ತದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿ ಹೆಸರು ಪಟ್ಟಿಗೆ ಸೇರಿಸಿದ್ದರು. ನೋಟ ಬಂದರೆ ದೇವರನ್ನು ನೋಡುತ್ತೇನೆ, ಮೊಮ್ಮಕ್ಕಳನ್ನು ನೋಡುತ್ತೇನೆ ಎಂದೇನೂ ಅವ್ವ ಹಂಬಲಿಸಿದವಳಲ್ಲ. ಆಕೆಗೆ ಬೇಕಾದದ್ದು ಪೇಪರಿನಲ್ಲಿ ನಿಧನವಾರ್ತೆ. ಅದನ್ನು ನಾನು ಹಾರಿಸಿ ಓದುತ್ತೇನೆಂದು ಆಕೆಗೆ ಬಲವಾದ ಗುಮಾನಿ. "ಧಾರವಾಡದಾಗ ನನ್ನ ವಾರಗಿ ಮಂದಿ ಯಾರ್ಯಾರು ಹೋದ್ರು ಅನ್ನೋದು ನನಗ ಗೊತ್ತಾಗಬೇಕು. ನೀ ಬರೇ ಸರಕಾರದ ಸುದ್ದಿ ಓದತಿ, ಅವು ಸಾಯೂದೂ ಇಲ್ಲ, ಬದುಕೂದೂ ಇಲ್ಲ" ಎಂದು ದಿನಾ ಜಗಳ. ಅದು ಖರೇನೇ, ನಾನು ಹಾರಿಸುತ್ತಿದ್ದೆ.

ಕಳೆದ ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ಬೆಂಗಳೂರಿನಿಂದ ಫೋನ್ ಬಂತು. ಕಣ್ಣು ಸಿಕ್ಕಿದೆ, ರಾತ್ರಿ ಒಂಬತ್ತರೊಳಗೆ ಬಂದು ದಾಖಲಾಗಬೇಕು, ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ. ಇನ್ನೊಂದು ಮಾತು: ಕಣ್ಣಿಗೆ ಧೂಳು ತಾಕಿ ಕೆಂಪಾಗಿದ್ದರೆ ಆಪರೇಷನ್ ಮಾಡುವುದಿಲ್ಲ. ಮೈತ್ರೇಯಿ, ನನ್ನ ಹೆಂಡತಿ, ಒಲೆ ಆರಿಸಿ ಬಂದು ಕುಳಿತಳು. ಕಾರೋ ವಿಮಾನವೋ ಎಂಬ ಚರ್ಚೆ ಶುರುವಾಯಿತು. ಬೆಂಗಳೂರಿಗೆ ರಸ್ತೆಯಲ್ಲಿ ಹನ್ನೆರಡು ತಾಸು. ಕೂಡಲೇ ಹೊರಟರೆ ರಾತ್ರಿ ಎಂಟಕ್ಕೆ ಮುಟ್ಟಬಹುದು, ಆದರೆ ಲಾರಿಗಳ ನಡುವೆ ಸಿಕ್ಕಿಕೊಂಡ ಎರಡು ತಾಸು ಸೇರಿಸಿದರೆ ಹತ್ತು. ವಿಮಾನ ಮೂರೂ ನಲವತ್ತಕ್ಕೆ, ಬೆಂಗಳೂರು ಐದರೊಳಗೆ. ಊಟದ ಹೊತ್ತಿನಲ್ಲಿ ಒಂದಕ್ಕೆ ಸರಿಯಾಗಿ ಹೊರಟರೆ ಧೂಳೂ ಇಲ್ಲ, ಎರಡೂವರೆಗೆ ದಾಬೋಳಿ. "ವಿಮಾನದಾಗ ನಡುವ ಇಳದು ಕಾಲು ತೊಳಕೊಳ್ಳಿಕ್ಕೆ ಬರ್ತದೇನು?" ಎಂದು ಅವ್ವ ಒಂದು ಆಕ್ಷೇಪ ಎತ್ತಿದಳು. ಅದನ್ನು ನಾವು ತಳ್ಳಿಹಾಕಿದೆವು.

ಇಲ್ಲಿ ಒಂದು ತಪ್ಪೊಪ್ಪಿಗೆ. ನಾನು ಅಲ್ಲಿಯವರೆಗೆ ವಿಮಾನ ಹತ್ತಿದವನಲ್ಲ. ಪ್ರಯೋಗಾಲಯದಲ್ಲಿ ನನಗಿಂತ ಕಿರಿಯರೆಲ್ಲ ಅಗ್ಗದ ಟಿಕೆಟು ಹಿಡಿದು ಹಾರಿ ಬಂದು, ಮೋಡ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ನನಗೆ ಪಾಠ ಹೇಳುತ್ತಿದ್ದರು. ವಿಮಾನವೇ ಸರಿ ಎಂದು ನಾನು ಅಷ್ಟು ಜೋರಾಗಿ ವಾದಿಸಿದ್ದರಲ್ಲಿ ಆ ಹುರುಪೂ ಸ್ವಲ್ಪ ಇತ್ತು. ಆದರೆ ಹುರುಪಿಗಿಂತ ಹೆಚ್ಚು ಇದ್ದದ್ದು ತಮ್ಮ ನೋಟೀಸಿನ ಮೇಲಿನ ನಂಬಿಕೆ. ಬಾಡಿಗೆ ಸುಮೋದ ಮಕ್ತುಮಸಾಬ ಎಂಟಕ್ಕೇ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, "ಸಾಹೇಬ್ರ, ವಿಮಾನಕ್ಕ ಹೋಗೂದಿದ್ರೂ ಈಗ ಹೊಂಡ್ರಿ, ನನ್ನ ಗಾಡ್ಯಾಗ ಬೆಂಗಳೂರಿಗೆ ಹೋಗೂದಿದ್ರೂ ಈಗ ಹೊಂಡ್ರಿ. ಆ ಒಂದರ ಊಟ ನಂಬಿ ಕುಂದರಬ್ಯಾಡ್ರಿ" ಎಂದ. ಅವನ ಗಾಡಿಯ ಎಡಬದಿಯ ಗಾಜು ಮೇಲೇರುವುದಿಲ್ಲ. ಆ ಧೂಳಿನಲ್ಲಿ ಅವ್ವನ ಕಣ್ಣಿನ ಗತಿ ಏನು ಎಂದೆ. ಅವನು, "ಒದ್ದಿ ಅರಿವಿ ಕಟ್ರಿ, ನಾ ಸಾವಕಾಶ ಹೊಡಿತೇನಿ" ಎಂದ. ನಾನು, "ಸರಕಾರಿ ವೇಳಾಪಟ್ಟಿ ಐತಿ, ಮಕ್ತುಮಸಾಬ" ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿ ಬೀಡಿ ಹಚ್ಚಿದ. ಓದಿದವನು ನಾನು.

ಒಂದು ಹೊಡೆದ ಕೂಡಲೇ ಮನೆ ಬಿಟ್ಟು ವಾಡೆಯ ಬಾಯಿಗೆ ಬಂದೆವು. ಅವ್ವ ಜರತಾರಿ ಅಂಚಿನ ಸೀರೆಯಲ್ಲಿ, ಮಡಿಲಲ್ಲಿ ಮಡಿನೀರಿನ ತಂಬಿಗೆ. ಎದುರಿಗೆ ಲಾರಿ, ಲಾರಿಯ ಹಿಂದೆ ಲಾರಿ. ಒಂದೂ ಐದಾಯಿತು, ಒಂದೂ ಹತ್ತಾಯಿತು, ಒಂದು ಲಾರಿಯೂ ನಿಲ್ಲಲಿಲ್ಲ. ಬಾವಟೆ ಹಿಡಿದು ನಿಂತಿದ್ದ ಖೀರಪ್ಪ ಬಾಗಲಕೋಟೆ ಕಡೆಯವನು, ಗುರುತಿನವನು. ಓಡಿ ಬಂದು, "ಯಪ್ಪಾ, ಇವತ್ತ ಹನ್ನೆರಡಕ್ಕ ಊಟ ಮುಗಸ್ಯಾರ್ರೀ! ಯಾರೋ ದೊಡ್ಡವರು ಬಂದಿದ್ರಂತ, ಅವರ ಕಾರಿಗೆ ಧೂಳ ಹತ್ತಬಾರದು ಅಂತ ಹನ್ನೆರಡರಿಂದ ಒಂದರ ತನಕ ರಸ್ತೆ ಖಾಲಿ ಇಟ್ಟಿದ್ರು. ಈಗ ಆ ತಾಸಿನ ಟ್ರಿಪ್ ತುಂಬಸಾಕತ್ತಾರ" ಎಂದ. ಬಂದ ಅತಿಥಿಗಳು ಏನು ಮಾಡಲು ಬಂದಿದ್ದರು ಎಂಬುದು ಆಮೇಲೆ ತಿಳಿಯಿತು: ಧೂಳು ನಿಯಂತ್ರಣ ಸಪ್ತಾಹದ ಉದ್ಘಾಟನೆ. ಅವರಿಗೆ ಧೂಳು ಕಂಡಿರಲಾರದು, ಸಪ್ತಾಹ ಯಶಸ್ವಿಯಾಗಿದೆ ಎಂದುಕೊಂಡು ಹೋಗಿರಬೇಕು. ನಾವು ಮನೆಯಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದ ಆ ಒಂದು ತಾಸು ರಸ್ತೆ ಕನ್ನಡಿಯಂತೆ ಖಾಲಿ ಬಿದ್ದಿತ್ತು. ಲಾರಿಗಳ ಸಪ್ಪಳ ನಿಂತದ್ದು ಕೇಳಿಸಿತ್ತು, ಆದರೆ ನಾನು ನನ್ನ ಕಿವಿಗಿಂತ ತಮ್ಮ ನೋಟೀಸನ್ನು ನಂಬಿದೆ.

ಖೀರಪ್ಪ ತನ್ನ ಬಾವಟೆ ಅಡ್ಡ ಹಿಡಿದು, ಡ್ರೈವರುಗಳಿಂದ ಅವ್ವ ಅಪ್ಪನ ಮೇಲೆ ಬೈಸಿಕೊಂಡು ನಮ್ಮ ಗಾಡಿಯನ್ನು ಒಳಗೆ ನುಗ್ಗಿಸಿದ. ಆರು ಕಿಲೋಮೀಟರಿಗೆ ಒಂದೂವರೆ ತಾಸು. ಗಾಜು ಏರದ ಬದಿಗೆ ಮೈತ್ರೇಯಿ ಸೆರಗು ಹಿಡಿದು ಕುಳಿತಳು, ಕೆಮ್ಮಿ ಕೆಮ್ಮಿ ಅವಳ ಧ್ವನಿ ಹೋಯಿತು. ಹೆದ್ದಾರಿ ಸಿಕ್ಕ ಮೇಲೆ ಮಕ್ತುಮಸಾಬ ಹೇಗೆ ಓಡಿಸಿದ ಎಂಬುದನ್ನು ಇಲ್ಲಿ ಬರೆದರೆ ಅವನ ಲೈಸೆನ್ಸಿಗೆ ಸಂಚಕಾರ. ಮೂರೂ ಇಪ್ಪತ್ತೈದಕ್ಕೆ ದಾಬೋಳಿ ಮುಟ್ಟಿದೆವು. ಕೌಂಟರು ಮುಚ್ಚಿತ್ತು. ಅಲ್ಲಿದ್ದ ಹುಡುಗಿ ನಿಯಮ ಹೇಳಿದಳು, ಪಾಪ, ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದಳು. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆವು. ತಲೆಯ ಮೇಲೆ ವಿಮಾನ ಹೋಯಿತು. ಅವ್ವ ಮುಖ ಮೇಲೆತ್ತಿ, "ಇದೇ ಏನೋ ನಮ್ಮದು? ಸಪ್ಪಳ ಭಾಳ ಛಲೋ ಅದ" ಎಂದಳು. ಆಕೆಯ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ನಾನು ನಲವತ್ತೆಂಟು ವರ್ಷದ ಗಂಡಸು, ಅಲ್ಲೇ ಎಲ್ಲರೆದುರು ಅತ್ತೆ.

ಆಸ್ಪತ್ರೆಗೆ ಫೋನ್ ಮಾಡಿದೆ. ಪಟ್ಟಿಯಲ್ಲಿ ಮುಂದಿನವರು ತುಮಕೂರು ಕಡೆಯವರಂತೆ. ಅವರು ಸಂಜೆಯೇ ಬಸ್ಸಿನಲ್ಲಿ ಬಂದರೆಂದು ಆಮೇಲೆ ತಿಳಿಯಿತು. ತಮ್ಮ ಉತ್ತರದಲ್ಲಿ ಬಸ್ಸಿನ ಪ್ರಸ್ತಾಪವಿಲ್ಲ, ಮುಂದಿನ ಸಲ ಸೇರಿಸಿಕೊಳ್ಳಿ.

ಮರುವಾರ ತಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು, ಕಪಾಟಿನ ಹಿಂದಿನ ಫಲಕದಲ್ಲಿ ಬದಲಾದ ಸಮಯದ ನೋಟೀಸು ತೋರಿಸಿದರು. ಆ ಗುರುವಾರವೇ ಬೆಳಿಗ್ಗೆ ಹತ್ತೂವರೆಗೆ ಅಂಟಿಸಿದ್ದು, ನಿಯಮದ ಪ್ರಕಾರ. ಅದನ್ನು ಓದಲು ನಾನು ಲಾರಿಗಳ ನಡುವೆ ಆರು ಕಿಲೋಮೀಟರ್ ಬಂದು, ಊಟ ಹನ್ನೆರಡಕ್ಕಿದೆ ಎಂದು ತಿಳಿದು, ಮತ್ತೆ ಲಾರಿಗಳ ನಡುವೆ ಮನೆಗೆ ಹೋಗಿ, ಅವ್ವನನ್ನು ಕರೆದುಕೊಂಡು ಹೊರಡಬೇಕಿತ್ತು. ಹೌದಲ್ಲ, ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲ? ನೋಡಿದ್ದೇನೆಂದು ರಿಜಿಸ್ಟರಿನಲ್ಲಿ ಸಹಿ ಮಾಡಿ ಎಂದರು. ಮಾಡಿದೆ, ಸರ್, ಅಭ್ಯಾಸಬಲ.

ಒಂದು ವಿಷಯ ಮಾತ್ರ ನನ್ನನ್ನು ಬಿಡುತ್ತಿಲ್ಲ. ಆ ಗುರುವಾರದ ಹಿಂದಿನ ರಾತ್ರಿ ಬೆಂಗಳೂರಿನ ಯಾರದೋ ಮನೆಯಲ್ಲಿ ಸಾವಾಗಿತ್ತು. ಹೆಣದ ಮುಂದೆ ಅಳುತ್ತ ಕುಳಿತವರಲ್ಲಿ ಯಾರೋ ಒಬ್ಬರು ಎದ್ದು, ಹೊತ್ತು ಮೀರುವ ಮೊದಲು ಫೋನ್ ಮಾಡಿ, ಕಣ್ಣು ತೆಗೆದುಕೊಂಡು ಹೋಗಿ ಎಂದರು. ಅಂಥ ದುಃಖದಲ್ಲೂ ಅವರು ಗಡಿಯಾರ ನೋಡಿದರು. ಯಾವ ದುಃಖವೂ ಇಲ್ಲದ ತಾವು, ಒಂದು ಕಾರಿನ ಬಣ್ಣಕ್ಕಾಗಿ, ಗಡಿಯಾರದ ಮುಳ್ಳನ್ನೇ ಹಿಂದೆ ತಳ್ಳಿದಿರಿ. ನನಗೆ ಸಿಟ್ಟು ಬಂದಿದೆ. ಮಕ್ತುಮಸಾಬನ ಮಾತು ಕೇಳದ ನನ್ನ ಮೇಲೂ ಬಂದಿದೆ, ಆದರೆ ಅದನ್ನು ನಾನು ಮನೆಯಲ್ಲಿ ನೋಡಿಕೊಳ್ಳುತ್ತೇನೆ.

ಪರಿಹಾರ ಬೇಡ, ವಿಷಾದಪತ್ರ ಬೇಡ. ಕಾರೋ ವಿಮಾನವೋ ಎಂಬ ಸಲಹೆಯಂತೂ ಬೇಡವೇ ಬೇಡ. ಊಟದ ಹೊತ್ತು ಬದಲಾಗುವುದಿದ್ದರೆ ಹಿಂದಿನ ದಿನವೇ ಒಂದು ಚೀಟಿ ಬರೆದು ಖೀರಪ್ಪನ ಕೈಗೆ ಕೊಡಿ. ತಮ್ಮ ಕಪಾಟಿನ ಹಿಂದೆ ಯಾರೂ ಇಣುಕುವುದಿಲ್ಲ, ಖೀರಪ್ಪನನ್ನು ಊರೇ ನೋಡುತ್ತದೆ. ಅವ್ವನ ಹೆಸರು ಮತ್ತೆ ಪಟ್ಟಿಯಲ್ಲಿದೆ. ಫೋನು ನಾಳೆ ಬಂದೀತು, ಬಾರದೆಯೂ ಇದ್ದೀತು. ಆಕೆಯ ಚೀಲ, ತಂಬಿಗೆ ಬಾಗಿಲಲ್ಲೇ ಇವೆ. ಬೆಳಿಗ್ಗೆ ಏಳಕ್ಕೆ ಮೊದಲ ಲಾರಿಯ ಸಪ್ಪಳ ಕೇಳಿದ ಕೂಡಲೇ ಹಾಸಿಗೆಯಿಂದಲೇ ಕೂಗುತ್ತಾಳೆ: "ರಘೂ, ಇವತ್ತ ಎಷ್ಟಕ್ಕ ಉಣ್ಣತಾರಂತ?" ನನಗೆ ಗೊತ್ತಿಲ್ಲ. ತಾವೇ ಹೇಳಿ. ಒಂದು ಸಾಲು ಸಾಕು, ಅಷ್ಟು ಬರೆಯಲು ತಮಗೆ ಬರುತ್ತದೆಂದು ಈಗ ಗೊತ್ತಾಗಿದೆ.

ಇಂತಿ,
ಕಬ್ಬಿಣದ ಶೇಕಡಾವಾರು ಹೇಳಬಲ್ಲ, ಊಟದ ಹೊತ್ತು ಹೇಳಲಾರದ, ಇನ್ನೂ ವಿಮಾನ ಹತ್ತದ
ರಘುವೀರ
(ಸರಸ್ವತಿಬಾಯಿಯವರ ಮಗ. ಈಗ ನಿಧನವಾರ್ತೆಯನ್ನೇ ಮೊದಲು ಓದುತ್ತಿದ್ದೇನೆ.)