ಅಷ್ಟು ಆರಾಮಿಲ್ಲ

ಮೂಡಲಗಿ,
ಶ್ರಾವಣದ ಎರಡನೇ ಸೋಮವಾರ, ೧೨ ಆಗಸ್ಟ್ ೨೦೨೪

ಪ್ರೀತಿಯ ಮೊಮ್ಮಗ ಗುರುಪಾದಗ,

ಹೆಂಗದಿ? ಗೋಕಾಕದ ಖಾನಾವಳಿ ಊಟ ಮೈಗೆ ಹತ್ತೇತೇನು, ಇಲ್ಲಾ ಬರೇ ಚಹಾ ಕುಡದು ಹೊಟ್ಟಿ ತುಂಬಿಸಿಕೊಳ್ಳಾಕತ್ತಿಯೇನು? ನಾ ಗಟ್ಟಿ ಅದೇನಿ. ಎರಡು ರೊಟ್ಟಿ ತಿಂತೇನಿ, ನಿಮ್ಮವ್ವನ ಬೈತೇನಿ, ಎರಡೂ ಅರಗತಾವು. ನೀ ಫೋನ್ ಎತ್ತವಲ್ಲಿ, ಅದಕ್ಕ ನಾಕನೇ ಇಯತ್ತಾ ಕಲತಾಕಿ ಕಾಗದಾ ಬರಿಯೂ ಹಂಗಾತು. ಅಕ್ಷರ ಸೊಟ್ಟ ಅದಾವಂತ ನಗಬ್ಯಾಡ. ನೀ ಪೇಪರಿನ್ಯಾಗ ಇದ್ದಾಗ ನಿನ್ನ ಹೆಸರು ಹುಡುಕಿ ಹುಡುಕಿ ಓದಿದ ಕಣ್ಣು ಇವು.

ಆ ಪೇಪರ್ ಮುಚ್ಚಿದ್ದು ನಿನ್ನ ತಪ್ಪಲ್ಲ ಬಿಡು. ಮೊದಲ ಚಹಾದಂಗಡ್ಯಾಗ ಒಂದ ಪೇಪರ್ ಹತ್ತು ಮಂದಿ ಹಾಳಿ ಹಾಳಿ ಹಂಚಿಕೊಂಡು ಓದತಿದ್ರು; ಈಗ ಹತ್ತೂ ಮಂದಿ ತಲಿ ಬಗ್ಗಿಸಿ ಹೆಬ್ಬೆರಳು ಆಡಸತಾರ. ಹಿಡಕಲ್ ಡ್ಯಾಮಿಗೆ ನೀರು ಎಷ್ಟು ಬಂತು, ಯಾವ ಕ್ರಾಸಿನ್ಯಾಗ ಗಾಡಿ ಪಲ್ಟಿ ಆತು, ಯಾರು ಹೋದ್ರು, ಯಾರು ಮೊದಲ ಹಾಕತಾರೋ ಅವರದೇ ಚಾನೆಲ್. ನೀನೂ ಫೋನಿನ್ಯಾಗ ಒಂದು ಚಾನೆಲ್ ತಗದಿ, ನಾನೂ ರೊಟ್ಟಿ ಬಡಕೋತ ನಿಂದೇ ನೋಡಾಕಿ. ಸತ್ತವರ ಫೋಟೋ ಬಂದ್ರ "ಅಯ್ಯ ಶಿವನ" ಅಂತ ಮುಂದಿನ ರೊಟ್ಟಿ ಹಂಚಿಗೆ ಹಾಕತಿದ್ದೆ. ಅವರ ಮನಿ ಹೆಣ್ಮಕ್ಕಳಿಗೆ ಯಾರು ಹೆಂಗ ಹೇಳಿದ್ರು ಅಂತ ಒಂದ ದಿನಾನೂ ಕೇಳಲಿಲ್ಲ.

ಆ ದಿನಾ ಬಾಜೂ ಮನಿ ಕಾಜಲ್ ಫೋನ್ ಹಿಡಕೊಂಡು ಬಂದ್ಲು. "ಆಯಿ, ಇವರು ಕಣಗಲಾದ ನಿಮ್ಮ ಅಣ್ಣನ ಹಂಗ ಕಾಣತಾರ ನೋಡ್ರಿ" ಅಂದ್ಲು. ಹಂಗ ಕಾಣೂದೇನು, ನಮ್ಮ ಅಣ್ಣಪ್ಪನೇ. ಕೆಂಪ ಅಕ್ಷರ, ಡಬಡಬ ಬಾಜಾ, ಅವನ ಗಡ್ಡದ ಕೆಳಗ ಸೀರಿ ಅಂಗಡಿ ಜಾಹೀರಾತು ಓಡಾಕತ್ತಿತ್ತು. ಮ್ಯಾಲ ನಿನ್ನ ಚಾನೆಲ್ ಹೆಸರು, "ಎಲ್ಲರಿಗಿಂತ ಮೊದಲು" ಅಂತ. ಹುಕ್ಕೇರಿ ದವಾಖಾನಿ ಬಾಗಲದಾಗ ನಿಂತು ನೀನೇ ಹಾಕಿದ್ದಿಯಂತ. ಆ ಪರಶುರಾಮನ ಚಾನೆಲ್ ಮೊದಲ ಹಾಕೀತಂತ ನಿನಗ ಹೆದರಿಕಿ, ಖರೆ. ಆದರ ನನ್ನ ನೆನಪ ಆಗಲಿಲ್ಲೇನೋ ತಮ್ಮಾ? ಅವ ನನ್ನ ಒಡಹುಟ್ಟಿದಾಂವ.

ನಮ್ಮ ಕಡೆ ಸಾವು ಹಂಗ ಹೇಳೂದಿಲ್ಲ, ನಿನಗ ಗೊತ್ತೈತಿ. ಯಾರರೆ ಒಬ್ಬ ಬಾಗಲದಾಗ ನಿಂತು, "ಅಷ್ಟು ಆರಾಮಿಲ್ಲ, ಒಮ್ಮೆ ಬಂದು ಹೋಗಬೇಕಂತ" ಅಂತಾನ. ಕೇಳಿದಾಕಿಗೆ ಅರ್ಧ ತಿಳಿತೈತಿ, ಅರ್ಧ ತಿಳಿಯೂದಿಲ್ಲ. ಬಸ್ಸಿನ್ಯಾಗ ಕುಂತು ಗೋಕಾಕ ಬರೂತನಕ ಇದ್ದಾನ ಅಂತಾಳ, ಹುಕ್ಕೇರಿ ದಾಟೂದ್ರಾಗ ಒಂದೀಟು ಕೈ ಬಿಡತಾಳ, ಮನಿ ಮುಂದ ಮಂದಿ ಕಂಡಾಗ ಅಳತಾಳ. ನಮ್ಮವ್ವ ಹೋದಾಗ ಆ ಹಾದಿ ನನಗ ಸಿಕ್ಕಿತ್ತು. ಅಣ್ಣ ಹೋದಾಗ ಸಿಗಲಿಲ್ಲ.

ಆಮ್ಯಾಲ ಅಣ್ಣನ ಬಾಜೂ ಮನಿ ಲಕ್ಷ್ಮಣ ಮಳಿಯಾಗ ತೊಯ್ಸಿಕೊಂಡು ಗಾಡಿ ಹೊಡಕೊಂಡು ಬಂದ. "ಆಯಿ, ಅಜ್ಜಗ ಅಷ್ಟು ಆರಾಮಿಲ್ಲ..." ಅಂದ. ಅಷ್ಟು ದೂರದಿಂದ ಆ ಮಾತು ಬಾಯಾಗ ಇಟಗೊಂಡು ಬಂದಿದ್ದ, ಅದನ್ನ ಹೆಂಗ ಮುರೀಲಿ? ಕಣ್ಣ ಒರಸಿಕೊಂಡು, "ಊಟ ಮಾಡತಾನೇನಪಾ?" ಅಂತ ಕೇಳಿದೆ. "ಹೂಂ ಆಯಿ, ಮುಂಜಾನೆ ಗಂಜಿ ಕುಡದಾನ" ಅಂದ. ಇಬ್ಬರೂ ಅಲ್ಲೇ ಕುಂತು ಅತ್ತಿವಿ.

ನಿನ್ನ ಸುದ್ದಿಗೆ ಫೋನಿನ್ಯಾಗ ಕೈ ಮುಗದವರು ತಾಲೂಕ ತುಂಬ ಇದ್ರಂತ. ಮಣ್ಣಿಗೆ ಬಂದವರು ಒಂದ ಟ್ರ್ಯಾಕ್ಟರ ತುಂಬ ಆಗಲಿಲ್ಲ. ಬೆರಳಲೇ ಮುಗದ ಮ್ಯಾಲ ಕಾಲಿಗೆ ಯಾಕ ತ್ರಾಸ ಕೊಡತಾರ? ನೀನೂ ಆ ಟ್ರ್ಯಾಕ್ಟರ ಹಿಂದ ಸರದು ನಿಂತಿದ್ದಿ, ನಾ ನೋಡೇನಿ. ಮಾರಿ ತೋರಸದ ಹೋದಾಂವ ಇನ್ನೂ ಮನಿಗೆ ಬಂದಿಲ್ಲ. ಆಯಿ ಬೈತಾಳಂತ ಹೆದರಿದೇನು? ಬೈತೇನಿ. ಬೈದ ಮ್ಯಾಲ ಉಣ್ಣಾಕ ಹಾಕೂದಿಲ್ಲೇನು?

ಬಸವಣ್ಣ ನಿನ್ನ ಬೆರಳಿಗೆ ಒಂದೀಟು ಸಮಾಧಾನ ಕೊಡಲಿ, ನನ್ನ ನಾಲಿಗಿಗೂ ಕೊಡಲಿ.

ನಿನ್ನ ಆಯಿ,
ಶಿವಗಂಗವ್ವ

ತಾ.ಕ.: ಕಾಜಲ್ ಪೋಸ್ಟಿಗೆ ಹಾಕಾಕ ನಿಂತಾಳ, ಅವಸರ ಮಾಡಾಕತ್ತಾಳ. ನನಗ ಅಷ್ಟು ಆರಾಮಿಲ್ಲ. ಒಮ್ಮೆ ಬಂದು ಹೋಗು. ಗಾಡಿ ತರಬ್ಯಾಡ, ಬಸ್ಸಿಗೆ ಬಾ.