ಬುಡವಿಲ್ಲದ ದೀಪವನ್ನು ವಾಪಸ್ ಕೊಡಿ

ವಿದ್ಯುತ್ ಉಪಕರಣಗಳ ತಪಾಸಣಾಧಿಕಾರಿಗಳಾದ ಮಾನ್ಯರೇ,

ಹನ್ನೊಂದು ದಿನಗಳಿಂದ ನನ್ನ ಅಕ್ಕನ ದೀಪ ನಿಮ್ಮ ಕಚೇರಿಯಲ್ಲಿದೆ. ದಯವಿಟ್ಟು ಕೊಟ್ಟುಬಿಡಿ.

ಅದೇನು ಮಹಾ ದೀಪವಲ್ಲ. ಮನೆಯ ಸಿಎಫ್‌ಎಲ್ ಬಲ್ಬು ಕೆಟ್ಟಾಗ ಎಷ್ಟೋ ಸಲ ಸುಟ್ಟಿರುವುದು ಬುಡದೊಳಗಿನ ಸರ್ಕ್ಯೂಟ್ ಮಾತ್ರ. ಮೇಲಿನ ಟ್ಯೂಬು ಗಟ್ಟಿಮುಟ್ಟಾಗಿರುತ್ತದೆ. ನಾನು ಗಾಜು ಒಡೆಯದಂತೆ ಬುಡ ಬಿಡಿಸಿ, ಟ್ಯೂಬಿನ ನಾಲ್ಕು ತಂತಿಗಳನ್ನು ಬ್ಯಾಟರಿಯಿಂದ ನಡೆಯುವ ಪುಟ್ಟ ಸರ್ಕ್ಯೂಟಿಗೆ ಸೋಲ್ಡರ್ ಮಾಡುತ್ತೇನೆ. ಅಕ್ಕ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಾಳೆ. ಹಾಡಹಗಲೇ ಕರೆಂಟ್ ಹೋದಾಗ (ಹೋಗದ ದಿನ ಯಾವುದೆಂದು ತಾವೇ ಹೇಳಬೇಕು) ಅವಳ ಕೆಲಸ ನಿಲ್ಲದಂತೆ ಕಾಯುವುದು ಅದೊಂದೇ. “ಎಲ್‌ಇಡಿ ಕಣ್ಣಿಗೆ ಚುಚ್ಚುತ್ತೆ ಕಣೋ, ಸ್ಕ್ರೂ ಬದಲು ಅದರ ಹೊಳಪೇ ಕಾಣುತ್ತೆ. ಇದ್ರಲ್ಲಿ ನೆರಳೇ ಬೀಳಲ್ಲ” ಅಂತಾಳೆ.

ಅಂಥದ್ದನ್ನು ನಿಮ್ಮ ಸಿಬ್ಬಂದಿ ಪರೀಕ್ಷೆಯ ನೆಪದಲ್ಲಿ ಎತ್ತಿಕೊಂಡು ಹೋದರು. ರಸೀದಿಯಲ್ಲಿ ‘ದೀಪ ಒಂದು’ ಎಂದೇ ಬರೆದರು. ಬಿಡಿಸಿಕೊಳ್ಳಲು ಹೋದರೆ ನಿಮ್ಮ ಗುಮಾಸ್ತರು ಅರ್ಜಿಯ ಏಳನೇ ಕಾಲಮ್ಮಿನ ಮೇಲೆ ಬೆರಳಿಟ್ಟರು: ‘ಬುಡದ ಮೇಲಿನ ಸಂಖ್ಯೆ’.

“ಬುಡಾನೇ ತೆಗೆದುಹಾಕಿದೀನಲ್ಲ ಸಾರ್.”

“ಬುಡ ಇಲ್ಲ ಅಂದ್ರೆ ಅದು ದೀಪ ಅಲ್ಲ. ದೀಪ ಅಲ್ಲದ್ದನ್ನ ದೀಪ ಅಂತ ಹೇಗ್ರೀ ವಾಪಸ್ ಕೊಡ್ಲಿ?”

“ಮತ್ತೆ ದೀಪ ಅಂತ ಯಾಕೆ ತಗೊಂಡು ಬಂದ್ರಿ?”

“ಅದು ಬೇರೆ ಸೆಕ್ಷನ್ನು.”

ಅಷ್ಟರಲ್ಲಿ ಕರೆಂಟ್ ಹೋಯಿತು. ಗುಮಾಸ್ತರು ಕತ್ತಲಲ್ಲಿ ಒಂಚೂರೂ ತಡಕಾಡದೆ ಕೈಚಾಚಿ ಸ್ವಿಚ್ ಒತ್ತಿದರು. ಅಕ್ಕನ ದೀಪ ಹತ್ತಿಕೊಂಡಿತು. ಆ ಬೆಳಕಿನಲ್ಲೇ ನನ್ನ ಅರ್ಜಿಯ ಮೇಲೆ ‘ದೀಪವಲ್ಲ, ತಿರಸ್ಕರಿಸಿದೆ’ ಎಂದು ಬರೆದರು. ಅಕ್ಷರ ದುಂಡಗಿದೆ, ಸುಳ್ಳೇಕೆ ಹೇಳಲಿ? ಅಕ್ಕ ಹೇಳಿದ್ದು ನಿಜ, ನೆರಳೇ ಬೀಳಲಿಲ್ಲ.

ಅಕ್ಕ ಈಗ ಕರೆಂಟ್ ಹೋದಾಗಲೆಲ್ಲ ಹಗಲ ಬೆಳಕಿಗಾಗಿ ಮೆಟ್ಟಿಲ ಮೇಲೆ ಕೂತು ಕೆಲಸ ಮಾಡುತ್ತಾಳೆ. ಹತ್ತಿಳಿಯುವವರ ಕಾಲಿಗೆ ಸಿಕ್ಕಿ ಮೊನ್ನೆ ಸಾಸಿವೆಗಿಂತ ಚಿಕ್ಕ ಸ್ಕ್ರೂ ಒಂದು ಕಾಣೆಯಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬ ಗಿರಾಕಿಗೆ “ನನ್ನ ಕೈಲಾಗಲ್ಲಪ್ಪ” ಎಂದು ಗಡಿಯಾರ ವಾಪಸ್ ಕೊಟ್ಟಳು. ಅವಳ ಮುಖ ನೋಡಿಯೇ ಈ ಕಾಗದ ಬರೆಯಲು ಕೂತೆ. ಇಲ್ಲದಿದ್ದರೆ ಇಷ್ಟುದ್ದ ಬರೆಯುವ ಆಸಾಮಿ ನಾನಲ್ಲ.

ಬೇಡಿಕೆ ಇಷ್ಟೇ. ಅದು ದೀಪವಾದರೆ ಅಕ್ಕನಿಗೆ ಕೊಡಿ. ದೀಪವಲ್ಲದಿದ್ದರೆ ನಿಮ್ಮವರು ಅದನ್ನು ಹಚ್ಚಿಕೊಂಡು ಕೂರುವುದನ್ನು ನಿಲ್ಲಿಸಲಿ.

ಅಂದಹಾಗೆ, ಅದರ ಚಾರ್ಜರನ್ನು ನಿಮ್ಮ ಸಿಬ್ಬಂದಿ ನಮ್ಮಲ್ಲೇ ಮರೆತು ಹೋಗಿದ್ದಾರೆ. ನನ್ನ ಅಂದಾಜಿನಲ್ಲಿ ಬ್ಯಾಟರಿ ನಾಳೆ ಮಧ್ಯಾಹ್ನದವರೆಗೆ ಬಂದೀತು. ಆಮೇಲೆ ತಾವೂ ಫೈಲು ಹಿಡಿದು ಬನ್ನಿ. ಮೆಟ್ಟಿಲ ಮೇಲೆ ಅಕ್ಕ ಸ್ವಲ್ಪ ಸರಿದು ಜಾಗ ಕೊಡುತ್ತಾಳೆ.

ಇಂತಿ,
ದೀಪವಲ್ಲದ್ದನ್ನು ಮಾಡಿ ಸಿಕ್ಕಿಬಿದ್ದ ಎಲೆಕ್ಟ್ರಿಷಿಯನ್
(ಚಾರ್ಜರ್ ಸಮೇತ)